ಗಂಜಿ ನೂಲಿನ ಹಿಡಿಕೆ

ರೇಷ್ಮೆ ಎಳೆ ಪಟ್ಟಿಯ ಅಂಚಿಗೆ ಸಿಕ್ಕಿ ತುಂಡಾಯಿತು. ಕಿರಣಕುಮಾರ ಲೊಚಗುಟ್ಟಿದ. ಪಾಲಿಶ್ ಪೇಪರಿನಿಂದ ಅಂಚನ್ನು ಮತ್ತೆ ತಿಕ್ಕಿ, ಇನ್ನೊಂದು ಎಳೆ ಹಿಡಿದು ಸವರಿದ. ಈ ಸಲ ಅದು ಎಲ್ಲೂ ಸಿಕ್ಕದೆ ಜಾರಿತು. ಆಮೇಲೆ ಆ ಮೊಳದುದ್ದದ ಮರದ ಪಟ್ಟಿಯನ್ನೆತ್ತಿ ತನ್ನ ಮುಂಗೈಗೆ ಒಂದೇಟು ಹಾಕಿಕೊಂಡ. ಚರ್ಮ ಕೆಂಪಾಗುವುದನ್ನು ನೋಡುತ್ತ ನಿಂತ.

ಹಿತ್ತಲ ಬಾಗಿಲಿಗೆ ಬಂದ ಕಲ್ಪನಾ ಅದನ್ನು ಕಂಡಳು.

"ಏನ ಮಾಡಾಕತ್ತೀರಿ?"

ಅವನು ಬೆಚ್ಚಿ ಪಟ್ಟಿಯನ್ನು ಬೆನ್ನ ಹಿಂದೆ ಹಿಡಿದ. "ಮಗ್ಗದ್ದರಿ ಅಕ್ಕಾರ. ಸಣ್ಣ ರಿಪೇರಿ."

ಆ ಮನೆಯ ಮಗ್ಗ ನಿಂತು ಆರು ವರ್ಷವಾಗಿತ್ತು. ತಂಗಿ ಮೇಘಾಳ ಗಂಡ ಕಿರಣಕುಮಾರ ಈಗ ಗದಗಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ.

ಕಲ್ಪನಾ ಲಕ್ಷ್ಮೇಶ್ವರದಲ್ಲಿ ಕಾಲೇಜಿನ ಮಕ್ಕಳಿಗೆ ಇತಿಹಾಸ ಕಲಿಸುವವಳು. ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆಂದು ಗದಗಿಗೆ ಬಂದು, ಬೆಟಗೇರಿಯ ತಂಗಿಯ ಮನೆಯಲ್ಲಿ ಉಳಿದಿದ್ದಳು. ಮೂರು ದಿನದ ಮಾತು. ಮೊದಲ ದಿನವೇ ಹೇಳಿದ್ದಕ್ಕಿಂತ ಬೇಗ ತಲುಪಿದ್ದಳು. ಒಳಕೋಣೆಯ ಬಾಗಿಲು ಮುಚ್ಚಿತ್ತು.

ಚಟ್.

ಸ್ವಲ್ಪ ಬಿಡುವು. ಮತ್ತೆ ಚಟ್. ನಂತರ ಕಿರಣಕುಮಾರನ ದನಿ: "ಶಿರಹಟ್ಟಿ." ಒಂದೇ ಶಬ್ದ. ಆಮೇಲೆ ಪೂರ್ತಿ ಮೌನ.

ಶಿರಹಟ್ಟಿ ಅಕ್ಕತಂಗಿಯರ ತವರು. ಹೊಡೆಯುವ ಗಂಡ ತವರಿನ ಹೆಸರನ್ನು ಯಾಕೆ ಎತ್ತುತ್ತಾನೆಂದು ಕಲ್ಪನಾಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮೇಘಾ ಹೊರಬಂದಾಗ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು. ಚಹಾ ಮಾಡಿ ಎಂದಿನಂತೆ ಎಡಗೈಯಲ್ಲೇ ಕಪ್ಪು ಚಾಚಿದಳು. ಅವ್ವ ಎಷ್ಟು ಬೈದರೂ ಹೋಗದ ರೂಢಿ. ಆ ಅಂಗೈಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಮೂಡಿತ್ತು. ಏಟಿಗೆ ಕೈ ಅಡ್ಡ ಹಿಡಿದಿರಬೇಕು.

"ಏನಾತು ಕೈಗೆ?"

"ಬಿಸಿ ಡಬರಿ ಹಿಡದೆ ಅಕ್ಕಾ. ನೀ ಏನ ಪೊಲೀಸರ ಹಂಗ ಕೇಳಾಕತ್ತಿ?"

ಕಿರಣಕುಮಾರ ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ನಿಂತೇ ಚಹಾ ಕುಡಿದ. ಅಕ್ಕತಂಗಿ ಮಾತಾಡಿದಷ್ಟು ಹೊತ್ತೂ ಅಲ್ಲಿಂದ ಕದಲಲಿಲ್ಲ. ಕಾವಲಿಗೆ ನಿಂತಂತೆ.

ಈಗ ಈ ಪಟ್ಟಿ.

ಅವನು ಹಾಲು ತರಲು ಹೋದದ್ದೇ ತಡ, ಕಲ್ಪನಾ ಮಗ್ಗದ ಕೋಣೆಯ ಕಪಾಟು ತೆರೆದಳು. ಮೇಲಿನ ಅರೆಯಲ್ಲಿ ತೆಳ್ಳಗಿನ ಬೆತ್ತ, ಬಕ್ಕಲ್ ಇದ್ದ ಬೆಲ್ಟು, ಗಂಟುಗಂಟಾದ ಒಂದು ಕೋಲು. ಮೇಲೊಂದು ಚೀಟಿ: "ಬ್ಯಾಡ." ಕೆಳಗಿನ ಅರೆಯಲ್ಲಿ ರಬ್ಬರ್ ಚಪ್ಪಲಿಯ ಒಂದೇ ಕಾಲು, ಅಗಲವಾದ ಮರದ ಸಟ್ಟುಗ, ಆ ಪಟ್ಟಿ. ಅಲ್ಲಿಯೂ ಚೀಟಿ: "ಇವು ನಡೀತಾವು. ಬೆನ್ನಿಗೆ, ಸೊಂಟಕ್ಕೆ ಎಂದೂ ಇಲ್ಲ."

ಅಕ್ಷರ ಮೇಘಾಳದು. ಅವಳ ಕೈಯಿಂದಲೇ ಬರೆಸಿದ್ದಾನೆ!

ಪಟ್ಟಿಯ ಹಿಡಿಕೆಗೆ ಗಂಜಿ ಹಚ್ಚಿದ ನೂಲನ್ನು ಒತ್ತಾಗಿ ಸುತ್ತಲಾಗಿತ್ತು. ನೇಕಾರರ ಮನೆಯ ಕೆಲಸ. ಗಂಜಿ ಹಸಿ ಇರುವಾಗಲೇ ಬಿಗಿಯಾಗಿ ಹಿಡಿದು ಕುಳಿತರೆ, ಒಣಗಿದ ಮೇಲೆ ಹಿಡಿದವರ ಕೈಯ ಅಚ್ಚು ಅದರಲ್ಲಿ ನಿಲ್ಲುತ್ತದೆ. ಅವ್ವ ಇಬ್ಬರಿಗೂ ಕಲಿಸಿದ್ದಳು. ಒಬ್ಬರ ಹಿಡಿಕೆ ಇನ್ನೊಬ್ಬರ ಕೈಗೆ ಒಗ್ಗುವುದಿಲ್ಲ. ಇದಕ್ಕೆಂದೇ ಒಂದು ಹಿಡಿಕೆ! ಒಮ್ಮೆ ಸಿಟ್ಟಿನಲ್ಲಿ ಕೈ ಎತ್ತಿದ ಗಂಡಸಲ್ಲ ಇವನು. ಕೂತು, ಯೋಚಿಸಿ, ತಯಾರಿ ಮಾಡಿಕೊಂಡವನು.

ಕಲ್ಪನಾ ಚೀಲಕ್ಕೆ ತಂಗಿಯ ಎರಡು ಸೀರೆ ತುರುಕಿದಳು. ಕಿರಣಕುಮಾರ ಹಾಲು ಹಿಡಿದು ಒಳಬಂದಾಗ ಪಡಸಾಲೆಯಲ್ಲಿ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅಡಿಗೆ ಮನೆಯಿಂದ ಬಂದ ಮೇಘಾ ಅದನ್ನು ಕಂಡು ಅಲ್ಲೇ ನಿಂತುಬಿಟ್ಟಳು.

"ಕುಂಡ್ರಿ, ಕಿರಣಕುಮಾರ. ಮಾತಾಡೂದೈತಿ."

ಅವನು ಸ್ಟೂಲನ್ನು ನೋಡಿದ. ಹೆಂಡತಿಯನ್ನು ನೋಡಿದ. "ನಿಂತs ಕೇಳತೀನ್ರಿ ಅಕ್ಕಾರ."

"ಮೇಘಾ, ನಡಿ. ಐದು ಗಂಟೆ ಬಸ್ಸಿಗೆ ನನ್ನ ಕೂಡ ಬರಾಕತ್ತಿ ನೀ."

"ಅಕ್ಕಾ, ಅವ್ರಿಗೆ ಏನೂ ಅನಬ್ಯಾಡ." ಮೇಘಾಳ ಮುಖ ಕಿವಿಯವರೆಗೂ ಕೆಂಪೇರಿತು. "ಅದು ಜಗಳ ಅಲ್ಲ. ನಮ್ಮಿಬ್ರ ನಡುವಿನ ಆಟ. ಕೂಡೇ ಕುಂತು ಆರಿಸೀವಿ. ಬೆತ್ತ ಚರ್ಮ ಹರೀತೈತಿ, ಬಕ್ಕಲ್ ಚುಚ್ಚತೈತಿ ಅಂತ ತಗದಿಟ್ವಿ. ಸಿಬಿರ ಇರಬಾರದು ಅಂತ ರೇಷ್ಮೆ ಎಳಿ ಹಾಕಿ ನೋಡ್ತೀವಿ. ಶಿರಹಟ್ಟಿ ಅಂದ ಕೂಡ್ಲೆ ಕೈ ನಿಲ್ಲಬೇಕು. ಹಂಗ ಮಾತಾಗೇತಿ."

"ಶಿರಹಟ್ಟಿನs ಯಾಕ?"

"ಆ ಹೆಸರು ಕೇಳಿದ್ರ ಅವ್ವನ ಮಾರಿ ಕಣ್ಮುಂದ ಬರ್ತೈತಿ. ಆಮ್ಯಾಲ ಯಾವ ಆಟ ನಡೀತೈತಿ?"

ಕಿರಣಕುಮಾರ ನಗು ತಡೆಯಲು ಕೆಮ್ಮಿದ. ಕಲ್ಪನಾ ನಗಲಿಲ್ಲ.

"ಹೊಡತಾ ತಿಂದು ಅದಕ್ಕ ಆಟ ಅಂತ ಹೆಸರಿಟ್ಟೀಯೇನ? ಹೆದರಿಸಿ ಕಲಿಸ್ಯಾನ ನಿನಗ ಈ ಮಾತು!" ಪಟ್ಟಿಯನ್ನು ಹಿತ್ತಲಿಗೆ ಎಸೆಯಲೆಂದು ಬಲಗೈಯಲ್ಲಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಎದ್ದಳು.

ಹಿಡಿಕೆ ಕೈಯಲ್ಲಿ ಕೂಡಲಿಲ್ಲ. ಹೆಬ್ಬೆರಳಿನ ತಗ್ಗು ಬೇರೆ ಕಡೆಗಿತ್ತು. ತಿರುಗಿಸಿ ಹಿಡಿದರೂ ಒಗ್ಗಲಿಲ್ಲ. ಎಡಗೈಗೆ ದಾಟಿಸಿದಳು. ಐದೂ ಬೆರಳು ತಂತಮ್ಮ ತಗ್ಗು ಹುಡುಕಿಕೊಂಡು ಕುಳಿತವು. ತನ್ನಷ್ಟೇ ಸಣ್ಣ ಕೈಯ ಅಚ್ಚು; ನೂಲಿನ ಅಂಚು ಒತ್ತಿದ್ದು ಮೇಘಾಳ ಅಂಗೈಯಲ್ಲಿ ಕೆಂಪು ಗೆರೆ ಇದ್ದ ಕಡೆಗೇ. ಕಿರಣಕುಮಾರನ ಅಂಗೈಗೆ ಇದರಲ್ಲಿ ಜಾಗವೇ ಇರಲಿಲ್ಲ. ಮುಚ್ಚಿದ ಬಾಗಿಲಾಚೆ ಶಿರಹಟ್ಟಿ ಎಂದ ದನಿ ಯಾರದೆಂಬುದೂ ಆಗಲೇ ನೆನಪಾಯಿತು.

ಆಮೇಲೆ ಕಲ್ಪನಾ ಪಟ್ಟಿಯನ್ನು ತಂಗಿಯ ಎಡಗೈಗೆ ಕೊಟ್ಟಳು, ತನ್ನ ಬೆನ್ನಿಗಿದ್ದ ದಿಂಬನ್ನು ಸ್ಟೂಲಿನ ಮೇಲೆ ಹಾಕಿ, ಕಣ್ಣೆತ್ತದೆ ಹೇಳಿದಳು: "ಈಗ ಕುಂಡ್ರಿ, ಕಿರಣಕುಮಾರ."