ಕೈಗಾಡಿಯ ಹೊಗೆ ತಪಾಸಣೆ

ಕಾಶೀರಾಮ ಕೈಗಾಡಿಯ ಕೆಳಗೆ ತಲೆ ತೂರಿಸಿ, ಹೊಗೆ ಹೊರಬರುವ ಕೊಳವೆಯನ್ನು ಹುಡುಕುತ್ತಿದ್ದ. ಎರಡು ಗಾಲಿ, ಒಂದು ಅಚ್ಚು, ನಾಲ್ಕು ಹಲಗೆ, ಹಲಗೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಕೆಲವು ತೊಗರಿ ಕಾಳು. ಇಷ್ಟರ ಹೊರತು ಅವನ ಕಣ್ಣಿಗೆ ಏನೂ ಬೀಳಲಿಲ್ಲ.

“ಗೌಸಭಾಯಿ, ಸೈಲೆನ್ಸರ್ ಎಲ್ಲಿ ಅದ?”

“ನಮ್ಮ ಅಪ್ಪನ ಕಾಲದಾಗೂ ಇರಲಿಲ್ರಿ ಸಾಹೇಬ್ರ,” ಎಂದ ಗಾಡಿಯ ಒಡೆಯ ಗೌಸೋದ್ದೀನ. “ಇದಕ್ಕ ಎಂಜಿನ್ ನಾನೇ.”

ಭಾಲ್ಕಿಯ ಹೊರಗಿನ ಆ ತೊಗರಿ ಖರೀದಿ ಕೇಂದ್ರದ ಗೇಟಿಗೆ ಹಿಂದಿನ ದಿನವಷ್ಟೇ ಹೊಸ ಫಲಕವೊಂದು ಬಂದಿತ್ತು. ಹವಾಮಾನ ಕೆಟ್ಟಿದೆ, ಮಳೆ ಕೈಕೊಟ್ಟಿದೆ, ಹೊಗೆಯನ್ನು ತಗ್ಗಿಸುವುದಾಗಿ ದೇಶವು ಜಗತ್ತಿಗೆ ಮಾತು ಕೊಟ್ಟಿದೆ. ಆದಕಾರಣ ಹೊಗೆ ತಪಾಸಣೆಯ ಚೀಟಿಯಿಲ್ಲದ ಯಾವ ವಾಹನವನ್ನೂ ಒಳಗೆ ಬಿಡತಕ್ಕದ್ದಲ್ಲ ಎಂದು ಅದರಲ್ಲಿ ಬರೆದಿತ್ತು. ಫಲಕದ ಜೊತೆಗೆ ಒಂದು ಯಂತ್ರವೂ, ಯಂತ್ರದ ಜೊತೆಗೆ ಅರ್ಧ ದಿನದ ತರಬೇತಿಯೂ ಗೇಟು ಕಾಯುವ ಕಾಶೀರಾಮನಿಗೆ ದೊರೆತಿದ್ದವು. ಮಾತು ಕೊಡುವುದು ದೊಡ್ಡ ಗುಣವೇ ಸರಿ. ಆದರೆ ಕೊಟ್ಟ ಮಾತನ್ನು ಯಾರಿಂದ ನಡೆಸಿಕೊಳ್ಳಬೇಕೆಂಬ ವಿವೇಕ ಅದಕ್ಕಿಂತ ದೊಡ್ಡದು. ಅದನ್ನು ಯಾವ ಫಲಕದ ಮೇಲೂ ಯಾರೂ ಬರೆಸಿರಲಿಲ್ಲ.

ಗಾಡಿಯ ಮೇಲಿದ್ದ ಎರಡು ಚೀಲ ತೊಗರಿ ಪಕ್ಕದಲ್ಲೇ ನಿಂತಿದ್ದ ಹಲಬರ್ಗಾ ಊರಿನ ಗುಂಡಮ್ಮನದು. ಸಾಲಾಗಿ ಎರಡನೆಯ ವರ್ಷವೂ ಮಳೆ ತಪ್ಪಿದ ಆ ಹೊಲ ಕೊಟ್ಟದ್ದು ಅಷ್ಟೇ. ಖರೀದಿಗೆ ಅಂದೇ ಕಡೆಯ ದಿನ, ಐದು ಗಂಟೆಗೆ ತಕ್ಕಡಿ ಬಂದ್. ತೊಗರಿ ತೂಗಿದರೆ ಬೇಸಿಗೆ ದಾಟುವಷ್ಟು ಜೋಳ ಮನೆಗೆ ಬರುತ್ತದೆ, ಏಳನೆಯ ತರಗತಿಯ ಮಗಳು ಪರೀಕ್ಷೆಗೆ ಕೂರುತ್ತಾಳೆ. ತೂಗದಿದ್ದರೆ ಮರುದಿನ ಬೆಳಿಗ್ಗೆ ಓಣಿಯ ಅರ್ಧ ಜನರೊಡನೆ ತಾಯಿ ಮಗಳಿಬ್ಬರೂ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡಬೇಕು. ಗೇಟಿನ ಗಡಿಯಾರದಲ್ಲಿ ಆಗಲೇ ನಾಲ್ಕೂಕಾಲು.

ಬಸ್ ನಿಲ್ದಾಣದಿಂದ ಇಲ್ಲಿಯವರೆಗೆ ತಂದ ಚೀಲಗಳನ್ನು ಇನ್ನು ಬೆನ್ನ ಮೇಲೆ ಹೊತ್ತು ಒಯ್ಯುವೆನೆಂದು ಗೌಸೋದ್ದೀನ ಹೇಳಿದ. ಕಾಶೀರಾಮ ಒಪ್ಪಲಿಲ್ಲ. ಗೇಟ್ ಪಾಸಿನಲ್ಲಿ ವಾಹನದ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಸಾಗುವುದಿಲ್ಲ, ಪಾಸಿಲ್ಲದ ಮಾಲನ್ನು ತಕ್ಕಡಿಯವನು ಮುಟ್ಟುವುದಿಲ್ಲ. ಗುಂಡಮ್ಮ ಮಗಳಿಂದಲೇ ಕಲಿತ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಫಲಕವನ್ನು ಓದಿ, ಮಳೆ ನಿಂತದ್ದು ಯಾರ ಹೊಗೆಯಿಂದ ಎಂದು ವಿಚಾರಿಸಿದಳು. ಕಲ್ಲಿದ್ದಲು, ಕಾರ್ಖಾನೆ, ವಿಮಾನ, ದೂರದ ಶ್ರೀಮಂತ ದೇಶಗಳು ಎಂದು ಕಾಶೀರಾಮ ತರಬೇತಿಯ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ.

“ಹಂಗಾರ ಅವರ ಗೇಟಿನ್ಯಾಗೂ ನಿಮ್ಮಂಥವರು ಒಬ್ಬರು ಕುಂತಾರೇನ್ರಿ?” ಎಂದಳು ಗುಂಡಮ್ಮ.

ಕಾಶೀರಾಮ ಕೆಟ್ಟವನಲ್ಲ. ಯಂತ್ರವನ್ನು ಚಾಲೂ ಮಾಡಿ, ಅದರ ನಳಿಕೆಯನ್ನು ಗಾಡಿಯ ಅಚ್ಚಿಗೆ ಹಿಡಿದ. ಪರದೆಯ ಮೇಲೆ ಸೊನ್ನೆ ಬಂದಿತು. ಅದರ ಕೆಳಗೆ, ‘ವಾಹನ ಚಾಲೂ ಇಲ್ಲ, ಚಾಲೂ ಮಾಡಿರಿ’ ಎಂಬ ಆಜ್ಞೆ. ಗೌಸೋದ್ದೀನ ಚೀಲಗಳ ಸಮೇತ ಗಾಡಿಯನ್ನು ಗೇಟಿನ ಮುಂದೆ ಮೂರು ಸುತ್ತು ಓಡಿಸಿದ. ಕಾಶೀರಾಮ ನಳಿಕೆ ಹಿಡಿದುಕೊಂಡು ಗಾಲಿಯ ಹಿಂದೆಯೇ ಓಡಿದ. ಮತ್ತೆ ಸೊನ್ನೆ. ಹೊಗೆಯನ್ನೇ ಬಿಡದ ವಾಹನವೊಂದು ಈ ಜಗತ್ತಿನಲ್ಲಿ ಇರಬಹುದೆಂದು ಆ ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. ಚೀಟಿ ಬರಬೇಕಾದರೆ ಒಂದಿಷ್ಟಾದರೂ ಹೊಗೆ ಬೇಕು.

ಗೌಸೋದ್ದೀನ ಏದುಸಿರು ಬಿಡುತ್ತಲೇ ಕಿವಿಯ ಮೇಲಿನ ಬೀಡಿಯನ್ನು ತೆಗೆದು ಹಚ್ಚಿದ. ಸ್ವಲ್ಪವೇ ಬಿಡು ಎಂದು ಕಾಶೀರಾಮ ಬೇಡಿಕೊಂಡರೂ ಕೇಳದೆ, ಎದೆ ತುಂಬ ಎಳೆದು ನಳಿಕೆಯೊಳಗೆ ಊದಿದ. ಯಂತ್ರ ಕಿರ್ರೆಂದು ಕೂಗಿ, ಕೆಂಪು ದೀಪ ಹೊತ್ತಿಸಿ, ಈ ವಾಹನದ ಹೊಗೆ ಮಿತಿ ಮೀರಿದೆ, ಇದನ್ನು ರಸ್ತೆಗೆ ಇಳಿಸಕೂಡದು ಎಂಬ ಕೆಂಪು ಚೀಟಿಯನ್ನು ಉಗುಳಿತು. ಮೂವತ್ತು ವರ್ಷ ಒಂದು ಹನಿ ಎಣ್ಣೆ ಸುಡದೆ ಊರಿನ ಭಾರ ಎಳೆದವನಿಗೆ ದೇಶ ಕೊಟ್ಟ ಮೊದಲ ಪ್ರಮಾಣಪತ್ರ ಅದು.

ಗುಂಡಮ್ಮ ನಗಲು ಹೋಗಿ, ಗಡಿಯಾರ ನೋಡಿದಳು. ಐದಕ್ಕೆ ಇಪ್ಪತ್ತು ನಿಮಿಷ.

ಆಗ ಕೇಂದ್ರದ ದಾಸ್ತಾನು ತುಂಬಿಕೊಳ್ಳಲು ಖಾಲಿ ಲಾರಿಯೊಂದು ಬಂದು ನಿಂತಿತು. ಅದರ ಹಿಂದೆ ರಸ್ತೆಯೇ ಕಾಣದಷ್ಟು ಕಪ್ಪು ಹೊಗೆ. ಚಾಲಕ ಕಿಟಕಿಯಿಂದ ಕೈಯನ್ನಷ್ಟೇ ಚಾಚಿ ಚೀಟಿ ತೋರಿಸಿದ. ಮೊಹರು ಸರಿಯಾಗಿತ್ತು, ಅವಧಿ ಇನ್ನೂ ಐದು ತಿಂಗಳು ಇತ್ತು. ಕಾಶೀರಾಮ ಆ ಚೀಟಿಯನ್ನು ನೋಡಿದ, ಲಾರಿಯ ಖಾಲಿ ಬೆನ್ನನ್ನು ನೋಡಿದ, ಗುಂಡಮ್ಮನ ಮುಖವನ್ನು ನೋಡಿದ. ಬಳಿಕ ಒಳಗಿನ ಹಮಾಲರನ್ನು ಕೂಗಿ, ಚೀಲಗಳನ್ನು ಲಾರಿಗೆ ಏರಿಸಲು ಹೇಳಿದ.

“ಗಾಡಿನೂ ಏರಿಸ್ರಿ,” ಎಂದ ಗೌಸೋದ್ದೀನ, ಕೆಂಪು ಚೀಟಿಯನ್ನು ಅವನ ಮುಂದೆ ಹಿಡಿದು. “ರಸ್ತಾಕ್ಕ ಇಳಿಸಬಾರದು ಅಂತ ನೀವೇ ಬರದು ಕೊಟ್ಟೀರಿ. ಇಲ್ಲಿ ಬಿಟ್ಟು ಹೋದರ ಯಾರರ ಜಪ್ತಿ ಮಾಡ್ತಾರ.”

ಮಾತು ನ್ಯಾಯವಾಗಿತ್ತು. ನಾಲ್ವರು ಹಮಾಲರು ಸೇರಿ ಚೀಲಗಳನ್ನೂ, ಕೈಗಾಡಿಯನ್ನೂ, ಅದು ಉರುಳದಂತೆ ಹಿಡಿಯಲು ಅದರ ಒಡೆಯನನ್ನೂ ಮೇಲಕ್ಕೇರಿಸಿದರು. ಪಾಸಿನಲ್ಲಿ ಲಾರಿಯ ನಂಬರು ಬಿದ್ದಿತು. ಹೊಗೆಯ ಕಾಲಂನಲ್ಲಿ ‘ಮಿತಿಯೊಳಗೆ’ ಎಂದು ಬಂದಿತು. ಒಳಗೆ ತಕ್ಕಡಿಯವನು ಬೇಗ ಬರುವಂತೆ ಕೈ ಬೀಸುತ್ತಿದ್ದ. ಇನ್ನೂ ಹತ್ತು ನಿಮಿಷ ಉಳಿದಿತ್ತು.

ಲಾರಿ ಒಮ್ಮೆ ಗುಡುಗಿ ಹೊರಟಿತು. ಗೇಟೂ ಕಾಶೀರಾಮನೂ ಒಟ್ಟಿಗೆ ಹೊಗೆಯಲ್ಲಿ ಮುಳುಗಿದರು. ಹಿಂದೆ ಹಿಂದೆ ಓಡುತ್ತಿದ್ದ ಗುಂಡಮ್ಮನಿಗೆ, ಮೇಲೆ ಎಲ್ಲೋ ತನ್ನ ಗಾಡಿಯನ್ನು ತಬ್ಬಿ ಕುಳಿತವನ ದನಿಯಷ್ಟೇ ಕೇಳಿತು:

“ಅಕ್ಕಾ, ಸೆರಗಿಲೆ ಮೂಗು ಮುಚ್ಕೋರಿ. ಈಗ ಕಾಯ್ದೆ ಪ್ರಕಾರ ಹೊಂಟೇವಿ.”