ಅಂಚಿನ ಅರಿಶಿನ

ಹೆಂಡತಿ ತೀರಿಕೊಂಡ ದಿನವೇ ರುದ್ರಮುನಿ ಮೇಷ್ಟ್ರ ಅಂಗಿಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದ್ದವು. ಅದರಲ್ಲಿ ಅಚ್ಚರಿಯೇನಿರಲಿಲ್ಲ. ಹೊಸ ಬಟ್ಟೆಯ ಅಂಚಿಗೆ ಅರಿಶಿನ ಹಚ್ಚಿದವರು ಬದುಕಿರುವವರೆಗೆ ಮಾತ್ರ ಅದರ ಬಣ್ಣ ನಿಲ್ಲುತ್ತದೆ. ಮದುವೆಯಾದಾಗಿನಿಂದ ಅವರ ಅಂಗಿಗಳಿಗೆಲ್ಲ ಅರಿಶಿನ ಹಚ್ಚಿದ್ದು ಆಕೆಯೇ.

ತಿಂಗಳು ಕಳೆದ ಮೇಲೆ ಮೇಷ್ಟ್ರು ದಾವಣಗೆರೆಯ ದೊಡ್ಡ ಜವಳಿ ಅಂಗಡಿಗೆ ಹೋದರು. ಅಲ್ಲಿನ ಸ್ಟೈಲಿಸ್ಟ್ ತನುಜಾ ಮೇಷ್ಟ್ರನ್ನು ಕನ್ನಡಿಯೆದುರು ನಿಲ್ಲಿಸಿ, ಮೈಬಣ್ಣಕ್ಕೆ ಒಪ್ಪುವ ಹನ್ನೆರಡು ಅಂಗಿ ಆರಿಸಿದಳು. ಆಮೇಲೆ ರೂಢಿಯಂತೆ ಅರಿಶಿನದ ಬಟ್ಟಲಿಗೆ ಬೆರಳದ್ದಿದಳು.

"ನಾನೇ ಹಚ್ಚಿಬಿಡ್ತೀನಿ ಸರ್. ನಂಗಿನ್ನೂ ಇಪ್ಪತ್ನಾಲ್ಕು."

"ಬೇಡಮ್ಮ, ನಾನೇ ಹಚ್ಕೋತೀನಿ."

"ನೀವು ಹಚ್ಚಿದ್ರೆ ನಿಮ್ ಕಾಲಕ್ಕೇ ಮುಗೀತು. ನಾನು ಹಚ್ಚಿದ್ರೆ ನಿಮ್ಮ ನಂತರ ಮೊಮ್ಮಕ್ಕಳೂ ಹಾಕ್ಕೋಬಹುದು. ಎಲ್ರೂ ಈಗ ಹಾಗೇ ಮಾಡಿಸ್ಕೋತಾರೆ."

ಮೇಷ್ಟ್ರು ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮನೇಲಿ ನನ್ನವಳ ಸೀರೆ ನಲವತ್ತೆರಡಿವೆ. ಒಂದೂ ಮಾಸಿಲ್ಲ. ಅವಕ್ಕೆಲ್ಲ ಅರಿಶಿನ ಹಚ್ಚಿದ್ದು ನಾನು," ಎಂದು ಮೊದಲ ಅಂಗಿಯ ಅಂಚು ಹಿಡಿದರು. "ಅವೂ ಇವೂ ಒಂದೇ ದಿನ ಬಣ್ಣ ಬಿಡ್ಲಿ."