ಬಾಗಿದ ಈಟಿ

ಹೊಳಬಸಪ್ಪ ಎಸೆದ ಈಟಿ ಮರಕ್ಕೆ ಒರಗಿಸಿದ್ದ ಹಲಗೆಯ ಗುರಾಣಿಯನ್ನು ತೂರಿಕೊಂಡು ನಿಂತಿತು. ಮರುಕ್ಷಣವೇ ಅದರ ಉದ್ದನೆಯ ಕಬ್ಬಿಣದ ಕುತ್ತಿಗೆ ಬಾಗಿ, ಮರದ ಹಿಡಿ ನೆಲಕ್ಕೆ ಬಡಿಯಿತು. ಪುಣೆಯ ಕಾಲೇಜಿನ ಮೈದಾನದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೆಲ್ಲ ಗೊಳ್ಳೆಂದು ನಕ್ಕರು.

ಬೆಳಗಾವಿಯಿಂದ ಬಂದು ಇಪ್ಪತ್ತು ವರ್ಷ ಟಾಂಗಾದ ಗಾಲಿಗಳಿಗೆ ಪಟ್ಟಿ ಹಾಕಿದ ಕಮ್ಮಾರ ಅವನು. ಅವನ ಕೈಯ ಕಬ್ಬಿಣ ಎಂದೂ ಹೀಗೆ ಸೋತಿರಲಿಲ್ಲ. ಮುಖ ಕಪ್ಪಿಟ್ಟಿತು. "ಮೆತ್ತನ್ನ ಕಬ್ಬಿಣಾನ ಹಾಕು ಅಂದ್ರಿ, ನೋಡ್ರಿ ಮಾಸ್ತರ್ರ, ಮರ್ಯಾದಿ ಹೋತು!" ಎಂದ.

ಪಾಠಕ್ಕೆಂದು ಈ ಈಟಿ ಮಾಡಿಸಿದ್ದ ಇತಿಹಾಸದ ಮಾಸ್ತರ ಮಾರ್ತಾಂಡರಾಯರು ಧೋತರ ಎತ್ತಿ ಹಿಡಿದು ಓಡೋಡಿ ಬಂದರು. "ಹಿಂಗ ಬಾಗಬೇಕಪಾ! ರೋಮಿನ ಸೈನಿಕರ ಈಟಿ ಹಿಂಗ ಬಾಗತಿತ್ತು!" ಎಂದು ಕೂಗಿ, ನಗುತ್ತಿದ್ದವರಲ್ಲಿ ಪೈಲ್ವಾನ ಬಾಳಕೃಷ್ಣನನ್ನು ಕರೆದರು. "ನೀ ಈಗ ವೈರಿ. ಗುರಾಣಿ ಹಿಡಕೊಂಡು ನನ್ನ ಮ್ಯಾಲ ಬಾ!"

ಬಾಳಕೃಷ್ಣ ಗುರಾಣಿ ಎತ್ತಿದ. ಜೋತುಬಿದ್ದ ಹಿಡಿ ಅವನ ಕಾಲಿಗೆ ತೊಡರಿತು. ಈಟಿಯನ್ನು ಎರಡೂ ಕೈಯಿಂದ ಎಳೆದ. ಮೊನೆ ಹಲಗೆ ಬಿಟ್ಟು ಬರಲಿಲ್ಲ. ಮೈದಾನದ ನಗು ನಿಂತಿತು. ಬೆವರಿಳಿದ ಪೈಲ್ವಾನ ಕೊನೆಗೆ ಗುರಾಣಿಯನ್ನೇ ಬಿಸಾಡಿ ಬರಿಗೈಯಲ್ಲಿ ನಿಂತ.

ಹೊಳಬಸಪ್ಪ ಕುಣಿಯುವುದೊಂದು ಬಾಕಿ. "ಮಾಸ್ತರ್ರ, ಇಂಥಾವು ಎಷ್ಟು ಬೇಕ್ರಿ?"